ಗಂಗಾಬಲ್‌ಗೆ ಹೊರಡುವ ಮೊದಲು ಗಾಳ ಬೀಸುವುದನ್ನು ಇಲ್ಲೇ ಕಲಿಯಿರಿ

ಮನೆಮಂದಿ ಜೊತೆ ಕಾಶ್ಮೀರದ ಗಂಗಾಬಲ್ ಸರೋವರದ ಕಡೆ ಚಾರಣ ಹೋಗಿ ಟ್ರೌಟ್ ಮೀನು ಹಿಡಿಯುವ ಆಸೆ ಇರುವವರಿಗೆ: ಫ್ಲೈ (ಕೊಕ್ಕೆಗೆ ಕಟ್ಟಿದ ಹಗುರ ನಕಲಿ ಹುಳು) ಗಾಳ ಅಂದರೆ ಸೂಳೆಕೆರೆ ದಂಡೆಯಲ್ಲಿ ಎರೆಹುಳು ಚುಚ್ಚಿ ಕೂತಂತಲ್ಲ. ತುದಿಯಲ್ಲಿ ಭಾರವೇ ಇರದು, ದಾರದ ತೂಕವೇ ಫ್ಲೈಯನ್ನು ಒಯ್ಯಬೇಕು. ಅದಕ್ಕೇ ದಾವಣಗೆರೆಯ ಯಾವುದಾದರೂ ಖಾಲಿ ಮೈದಾನದಲ್ಲಿ, ಕೊಕ್ಕೆ ಬದಲು ಕೆಂಪು ಉಣ್ಣೆ ಎಳೆ ಕಟ್ಟಿ ಅಭ್ಯಾಸ ಮಾಡಿ.

9 ಅಡಿಯ, 5 ನಂಬರಿನ (ಇದು ದಾರದ ತೂಕದ ಅಂಕಿ), ನಾಲ್ಕು ತುಂಡು ಜೋಡಿಸುವ ರಾಡ್, ಅಂದರೆ ಗಾಳದ ಕೋಲು, ಸಾಕು. 25 ಅಡಿ ದಾರ ಬಿಟ್ಟು ರಾಡನ್ನು ಹಿಂದಕ್ಕೆತ್ತಿ. ದಾರ ಹಿಂದೆ ಪೂರ್ತಿ ನೆಟ್ಟಗಾದ ಮೇಲಷ್ಟೇ ಮುಂದಕ್ಕೆ ಬೀಸಿ. ಎಲ್ಲರೂ ಎಡವುವುದು ಇಲ್ಲೇ. ಅವಸರಪಟ್ಟರೆ ದಾರ ಚಾಟಿಯಂತೆ ಚಟ್ ಅಂದು ಫ್ಲೈ ಕಿತ್ತುಹೋಗುತ್ತದೆ. ಮಣಿಕಟ್ಟು ತೀರಾ ಹಿಂದೆ ಬಾಗಿದರೆ ದಾರ ನೆಲಕ್ಕೆ ಬೀಳುತ್ತದೆ. ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚಿ. ಒಣ ನೈಲಾನ್ ಉಜ್ಜಿ ಬಿಸಿಯಾಗಿ ದುರ್ಬಲವಾಗುತ್ತದೆ.

ದೂರ ಎಸೆಯುವ ಹುಚ್ಚು ಬೇಡ. ಟ್ರೌಟ್ ಹೆಚ್ಚಾಗಿ ದಡದಂಚಲ್ಲಿ, ಹಳ್ಳ ಬಂದು ಸೇರುವಲ್ಲಿ ಸುತ್ತುತ್ತದೆ. ಮೊದಲೇ ನೀರಿಗಿಳಿದರೆ ಓಡಿಹೋಗುತ್ತದೆ. ಬೀಸುವವರ ಹಿಂದೆ ಮಕ್ಕಳು ನಿಲ್ಲಬಾರದು, ಎಲ್ಲರಿಗೂ ಟೋಪಿ, ಕನ್ನಡಕ ಕಡ್ಡಾಯ. ಅಲ್ಲಿನ ಮೀನುಗಾರಿಕೆ ಇಲಾಖೆಯ ಪರವಾನಗಿ ಮೊದಲೇ ಮಾಡಿಸಿ.

ಸಮುದ್ರಮಟ್ಟದಿಂದ ನಮ್ಮ ದಾವಣಗೆರೆ ಸುಮಾರು 600 ಮೀಟರ್ ಎತ್ತರ, ಗಂಗಾಬಲ್ 3,500 ಮೀಟರಿಗೂ ಮೇಲೆ. ಮೈ ಎತ್ತರಕ್ಕೆ ಹೊಂದಿಕೊಳ್ಳಲೆಂದು, 3,000 ದಾಟಿದ ಬಳಿಕ ರಾತ್ರಿ ತಂಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಏರಿಸಬೇಡಿ. ಮಗುವಿಗೆ ತಲೆನೋವು, ವಾಂತಿ ಶುರುವಾದರೆ ಮೇಲೆ ಹತ್ತಬೇಡಿ. ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ, ಮೀನು ಎಲ್ಲೂ ಹೋಗಲ್ಲ. ಅಲ್ಲಿ ನೀರು 90 ಡಿಗ್ರಿಯೊಳಗೇ ಕುದಿಯುವುದರಿಂದ ಬೇಳೆ ಬೇಯಲು ಸಣ್ಣ ಕುಕ್ಕರ್ ಇಟ್ಟುಕೊಳ್ಳಿ.