ಪೀಕ್ ನೋಡಿ ಕಬ್ಬಿಣದ ಪ್ರಮಾಣ ಹೇಳುವುದು: ನಿಕಲ್-ಕಬ್ಬಿಣ ಫಾಯಿಲ್‌ಗಳ ಜೊತೆ ನನ್ನ ಅನುಭವ

ಎಕ್ಸ್‌ಆರ್‌ಡಿಯಿಂದ (ಸ್ಯಾಂಪಲ್‌ಗೆ ಎಕ್ಸ್-ರೇ ಬಿಟ್ಟು, ಯಾವ ಕೋನಗಳಲ್ಲಿ ಪೀಕ್ ಏಳುತ್ತದೆ ಎಂದು ನೋಡುವ ವಿಧಾನ) ಫೇಸ್, ಅಂದರೆ ಹರಳಿನ ರಚನೆ, ಯಾವುದೆಂದು ಹೇಳಬಹುದು, ಎಷ್ಟು ಪರ್ಸೆಂಟ್ ಕಬ್ಬಿಣವಿದೆ ಎಂದು ಹೇಳಲು ಹೋಗಬೇಡ ಎಂದು ನನಗೆ ಬುದ್ಧಿ ಹೇಳದವರೇ ಇಲ್ಲ. ಈಗ ನಾನು ಪೀಕ್ ನೋಡಿ ಹೇಳುವ ಅಂಕಿಗೂ ರಾಸಾಯನಿಕ ವಿಶ್ಲೇಷಣೆಗೂ ಒಂದು ಪರ್ಸೆಂಟಿನೊಳಗೇ ಹೊಂದಿಕೆ ಇದೆ. ಇಲ್ಲಿಗೆ ಬರಲು ಒಂದೂವರೆ ವರ್ಷ ಹಿಡಿಯಿತು.

ಬೇಕಿದ್ದದ್ದು 20 ಪರ್ಸೆಂಟ್ ಕಬ್ಬಿಣದ ಪರ್ಮಲಾಯ್ ಎಂಬ ನಿಕಲ್-ಕಬ್ಬಿಣ ಮಿಶ್ರಲೋಹ, ದ್ರಾವಣದಲ್ಲಿ ವಿದ್ಯುತ್ ಹರಿಸಿ ಪದರವಾಗಿ ಕೂರಿಸಿದ್ದು. ಬಾತ್ (ಆ ದ್ರಾವಣ) ಎಲ್ಲರೂ ಬಳಸುವಂಥದ್ದೇ: ಲೀಟರಿಗೆ ನಿಕಲ್ ಸಲ್ಫೇಟ್ 200 ಗ್ರಾಂ ಆಸುಪಾಸು, ಫೆರಸ್ ಸಲ್ಫೇಟ್ 8–10, ಬೋರಿಕ್ ಆಮ್ಲ 25, ಪಿಎಚ್ 3ರ ಹತ್ತಿರ. ಬಾತ್‌ನ ಲೋಹದಲ್ಲಿ ಕಬ್ಬಿಣ ನಾಲ್ಕೈದು ಪರ್ಸೆಂಟ್ ಇದ್ದರೆ ಪದರದಲ್ಲಿ ಅದರ ನಾಲ್ಕೈದು ಪಟ್ಟು ಬಂದು ಕೂರುತ್ತದೆ. ಕಲಕುವ ವೇಗ ಸ್ವಲ್ಪ ಬದಲಾದರೂ ಅಂಕಿ ಓಡುತ್ತದೆ. ಹಾಗಾಗಿ ಪ್ರತಿ ಫಾಯಿಲನ್ನೂ ಅಳೆಯಲೇಬೇಕು. ವಿಶ್ಲೇಷಣೆಗೆ ಕೊಟ್ಟರೆ ಫಾಯಿಲ್ ಆಮ್ಲದಲ್ಲಿ ಕರಗಿಹೋಗುತ್ತದೆ, ಅದರ ಮೇಲೆ ಒಂದು ವಿಶ್ಲೇಷಣೆಯ ಹಣದಲ್ಲಿ ನಾಲ್ಕು ಸ್ಕ್ಯಾನ್ ಮಾಡಿಸಬಹುದಿತ್ತು. ಹಟಕ್ಕೆ ಬಿದ್ದದ್ದು ಆ ಲೆಕ್ಕದಿಂದಲೇ.

ಮೊದಲು ತಾಮ್ರದ ತಗಡಿನ ಮೇಲೆ ಪದರ ಕೂರಿಸಿ ಹಾಗೆಯೇ ಸ್ಕ್ಯಾನ್ ಮಾಡಿದೆ. ಲ್ಯಾಟಿಸ್ ಲೆಕ್ಕದಲ್ಲಿ (ಕಬ್ಬಿಣ ಹೆಚ್ಚಾದಷ್ಟೂ ಹರಳಿನ ಪರಮಾಣು ತಲಗಳ ಅಂತರ ಹಿಗ್ಗಿ ಪೀಕ್ ಕಡಿಮೆ ಕೋನಕ್ಕೆ ಸರಿಯುತ್ತದೆ, ಅದರಿಂದ ಪ್ರಮಾಣ ಹೇಳುವುದು) 14–15 ಪರ್ಸೆಂಟ್ ಬಂತು, ವಿಶ್ಲೇಷಣೆಯಲ್ಲಿ 20. ಮೂರು ತಿಂಗಳು ಬಾತನ್ನೇ ದೂರಿದೆ. ತಪ್ಪಿದ್ದದ್ದು ಪದರದ ಒಳಗಿನ ಒತ್ತಡದಲ್ಲಿ. ಪದರ ತಗಡಿಗೆ ಅಂಟಿಕೊಂಡು ಬಿಗಿದಿರುವಾಗ ಮೇಲ್ಮೈಗೆ ಸಮಾನಾಂತರದ ತಲಗಳ ಅಂತರ ಕುಗ್ಗಿ, ಪೀಕ್ ಹೆಚ್ಚಿನ ಕೋನಕ್ಕೆ ಸರಿಯುತ್ತದೆ. ಕಬ್ಬಿಣ ಕಡಿಮೆ ಇದ್ದರೂ ಪೀಕ್ ಅಲ್ಲೇ ಬರುತ್ತದೆ. ಇದರ ಜೊತೆಗೆ 43.3 ಡಿಗ್ರಿಯ ತಾಮ್ರದ ಪೀಕ್ ನಮ್ಮ ಪೀಕಿನ ಬುಡವನ್ನು ಎಳೆಯುತ್ತಿತ್ತು.

ತಾಮ್ರ ಬಿಟ್ಟು ಸ್ಟೇನ್‌ಲೆಸ್ ಸ್ಟೀಲಿಗೆ ಹೋದೆ, ಪದರ ಬಿಡಿಸಿಕೊಂಡು ಬರುತ್ತದೆ. ಬಂದದ್ದು ಸುರುಳಿಯಾಗಿ! ಅದನ್ನು ಗಾಜಿನ ಮೇಲೆ ಅಂಟಿಸಿ ಚಪ್ಪಟೆ ಮಾಡಿದರೆ ಬಾಗಿದ್ದನ್ನು ನೆಟ್ಟಗೆ ಮಾಡಿದ ಒತ್ತಡ ಮತ್ತೆ ಒಳಗೆ ಸೇರುತ್ತದೆ, ಅಂಕಿ ಮತ್ತೆ ಕೆಡುತ್ತದೆ. ಸುಮಾರು 25 ಫಾಯಿಲ್, ಅವುಗಳ ಯಂತ್ರದ ಗಂಟೆ, ಎಲ್ಲ ಹೋಯಿತು. ಕೊನೆಗೆ ಬಾತ್‌ಗೆ ಸ್ಯಾಕರಿನ್ ಹಾಕಿ ಒತ್ತಡ ಇಳಿಸಿದೆ. ಅದು ಹೆಚ್ಚಾದರೆ ಬಿಡಿಸುವಾಗಲೇ ಫಾಯಿಲ್ ಸೀಳುತ್ತದೆ. ನಾನು ನಿಂತ ಪ್ರಮಾಣವನ್ನೂ, ಮೂಲೆ ಎಬ್ಬಿಸುವ ಬಗೆಯನ್ನೂ ಇಲ್ಲಿ ಬರೆಯುವುದಿಲ್ಲ, ಕೈಯಾರೆ ಕಂಡುಕೊಂಡದ್ದು. ಬಿಡಿಸಿದ್ದನ್ನು ಕತ್ತರಿಯಿಂದ ಸಣ್ಣ ಚೂರು ಮಾಡಿ ಅಂಟಿಲ್ಲದೆ ಸುಮ್ಮನೆ ಹರಡುತ್ತೇನೆ.

ಮುಂದಿನ ತೊಡಕು ಯಂತ್ರದಲ್ಲಿ ಸ್ಯಾಂಪಲ್ ಕೂರುವ ಎತ್ತರದ್ದು. ಶುದ್ಧ ನಿಕಲ್‌ನ 111 ಪೀಕ್ (ಇಂಥ ಮೂರಂಕಿಗಳು ಹರಳಿನ ತಲಗಳ ಹೆಸರು) 44.5 ಡಿಗ್ರಿಯಲ್ಲಿ, 20 ಪರ್ಸೆಂಟಿನದು 44.2 ಆಸುಪಾಸು. ಇಡೀ ಆಟ ಕಾಲು ಡಿಗ್ರಿಯದ್ದು. ಸ್ಯಾಂಪಲ್ 0.1 ಮಿಲಿಮೀಟರ್ ಕೆಳಗಿದ್ದರೆ ನಮ್ಮ ಯಂತ್ರದಲ್ಲಿ ಪೀಕ್ 0.04 ಡಿಗ್ರಿ ಜರುಗುತ್ತದೆ, ಅಂದರೆ ಇಲ್ಲದ ಮೂರು ಪರ್ಸೆಂಟ್ ಕಬ್ಬಿಣ ಸೇರಿಕೊಳ್ಳುತ್ತದೆ. ಆದ್ದರಿಂದ ಚೂರುಗಳ ಮೇಲೆ ಸಿಲಿಕಾನ್ ಪುಡಿಯನ್ನು ಆಲ್ಕೋಹಾಲಿನಲ್ಲಿ ಕಲಸಿ ತೆಳುವಾಗಿ ಬಿಡುತ್ತೇನೆ. 28.44 ಮತ್ತು 47.30ರ ಸಿಲಿಕಾನ್ ಪೀಕುಗಳನ್ನು ಜಾಗಕ್ಕೆ ತಂದ ಮೇಲೆಯೇ ನಮ್ಮದನ್ನು ಓದುವುದು. 111 ಒಂದನ್ನೇ ನಂಬುವುದಿಲ್ಲ, 200, 220, 311 ಕೂಡ ಸೇರಿಸುತ್ತೇನೆ. ಲ್ಯಾಟಿಸ್ ಅಳತೆ ಮಿಶ್ರಣದ ಪ್ರಮಾಣಕ್ಕೆ ತಕ್ಕಂತೆ ಬದಲಾಗುತ್ತದೆ ಎನ್ನುವ ವೇಗಾರ್ಡ್ ನಿಯಮದ ನೇರ ಗೆರೆಯ ಬದಲು ವಿಶ್ಲೇಷಣೆಗೆ ಕೊಟ್ಟ 7 ಫಾಯಿಲ್‌ಗಳಿಂದ ನನ್ನದೇ ಗೆರೆ ಎಳೆದೆ. ನಮ್ಮ ವ್ಯಾಪ್ತಿಯಲ್ಲಿ ಒಂದು ಪರ್ಸೆಂಟ್ ಕಬ್ಬಿಣಕ್ಕೆ ಲ್ಯಾಟಿಸ್ ಸುಮಾರು 0.001 ಆಂಗ್‌ಸ್ಟ್ರಾಂ ಹಿಗ್ಗುತ್ತದೆ.

ತಾಮ್ರದ ಟ್ಯೂಬಿನ ಎಕ್ಸ್-ರೇಗೆ ಕಬ್ಬಿಣ ಫ್ಲೋರೆಸ್ ಆಗಿ (ತನ್ನದೇ ಎಕ್ಸ್-ರೇ ಹೊರಸೂಸಿ) ಹಿನ್ನೆಲೆ ಏರುವುದು ಗೊತ್ತೇ ಇದೆ. ಕೋಬಾಲ್ಟ್ ಟ್ಯೂಬ್ ಕೊಳ್ಳುವ ಹಣ ಇರಲಿಲ್ಲ. ಡಿಟೆಕ್ಟರ್‌ನ ಶಕ್ತಿಯ ಕೆಳಮಿತಿಯನ್ನು ಏರಿಸಿದೆ, ಎಣಿಕೆ ಕಡಿಮೆಯಾಯಿತು, ಸ್ಕ್ಯಾನ್ ನಿಧಾನ ಮಾಡಿದೆ.

ನಡುವೆ ಎರಡು ಅಡ್ಡದಾರಿಗೂ ಹೋದೆ. ಪರಮಾಣುಗಳು ಕ್ರಮವಾಗಿ ಜೋಡಣೆಯಾದ Ni₃Fe ಸಿಗಬಹುದೆಂದು ಒಂದು ಫಾಯಿಲನ್ನು ವ್ಯಾಕ್ಯೂಮ್ ಟ್ಯೂಬಿನಲ್ಲಿ ಕಾಯಿಸಿ ಆ ಜೋಡಣೆಯಿದ್ದರೆ ಮಾತ್ರ ಏಳುವ ಸೂಪರ್‌ಲ್ಯಾಟಿಸ್ ಪೀಕ್ ಹುಡುಕಿದೆ. ಕಾಣಲಿಲ್ಲ. 26 ಮತ್ತು 28 ಎಲೆಕ್ಟ್ರಾನಿನ (ಕಬ್ಬಿಣ, ನಿಕಲ್) ಪರಮಾಣುಗಳನ್ನು ಎಕ್ಸ್-ರೇ ಬೇರೆ ಮಾಡಿ ನೋಡುವುದೇ ಕಷ್ಟ. ಆದರೆ ಪೀಕುಗಳು ಚೆನ್ನಾಗಿ ಚೂಪಾದವು. ಇನ್ನೊಂದು, ಕಬ್ಬಿಣವನ್ನು ಅರ್ಧದಾಚೆ ಏರಿಸಿದ್ದು. ಅಲ್ಲಿ ಬಿಸಿಸಿ ಫೇಸಿನ (ಕಬ್ಬಿಣದ ಹರಳಿನ ರಚನೆ) 110 ಪೀಕ್ 44.7ರ ಬಳಿ ಬಂದು ನಮ್ಮ ಪೀಕಿನ ಬೆನ್ನೇರುತ್ತದೆ. 65 ಡಿಗ್ರಿಯ ಕಡೆ ನೋಡಿ: ಎಫ್‌ಸಿಸಿಗೆ (ನಿಕಲ್‌ನ ಮತ್ತು ನಮ್ಮ ಫಾಯಿಲಿನ ರಚನೆ) ಅಲ್ಲಿ ಏನೂ ಇಲ್ಲ, ಪೀಕ್ ಎದ್ದರೆ ಬಿಸಿಸಿ ಸೇರಿದೆ ಎಂದೇ ಅರ್ಥ.

ನನಗೆ ಅತಿ ಖುಷಿ ಕೊಟ್ಟದ್ದು ಫಾಯಿಲಿನ ಎರಡು ಮುಖಗಳನ್ನೂ ಓದಿದ್ದು. ಈ ಕೋನದಲ್ಲಿ ಸಿಗ್ನಲ್ಲಿನ ಹೆಚ್ಚಿನ ಪಾಲು ಮೇಲಿನ ಕೆಲವು ಮೈಕ್ರಾನಿನಿಂದಲೇ ಬರುತ್ತದೆ, ನಮ್ಮ ಫಾಯಿಲ್ 15 ಮೈಕ್ರಾನ್. ಸ್ಟೀಲಿಗೆ ತಾಗಿದ್ದ ಮುಖದಲ್ಲಿ ಕಬ್ಬಿಣ ಎರಡು ಪರ್ಸೆಂಟ್ ಹೆಚ್ಚು! ರಾಸಾಯನಿಕ ಉಳಿಸಲು ನಾನು 200 ಮಿಲಿಲೀಟರ್ ಬೀಕರಿನಲ್ಲೇ ಕೆಲಸ ಮಾಡುತ್ತಿದ್ದೆ, ಪದರ ಬೆಳೆಯುತ್ತಾ ಬಾತ್‌ನ ಕಬ್ಬಿಣವೇ ತೀರುತ್ತಿತ್ತು. ಒಂದು ಲೀಟರಿಗೆ ಏರಿಸಿದೆ. ಆಮೇಲೆ ತೆಗೆದ ಆರು ಫಾಯಿಲ್‌ಗಳಲ್ಲಿ ಎರಡು ಮುಖಗಳ ನಡುವೆ ಅರ್ಧ ಪರ್ಸೆಂಟಿಗಿಂತ ಹೆಚ್ಚು ವ್ಯತ್ಯಾಸ ಕಂಡಿಲ್ಲ.