ಬಡತನ ಇಳಿಯಿತೇ? ಅಂಕಿಗಳನ್ನು ಹೋಲಿಸುವ ಬಗೆ

ಉದಾರೀಕರಣದಿಂದ ಭಾರತದಲ್ಲಿ ಬಡತನ ಇಳಿಯಿತು ಎನ್ನುವವರ ಕೈಯಲ್ಲೂ, ಇಳಿಯಲೇ ಇಲ್ಲ ಎನ್ನುವವರ ಕೈಯಲ್ಲೂ ಇರುವುದು ಸರ್ಕಾರಿ ಅಂಕಿಯೇ. ಯಾರ ಮಾತು ಸರಿ ಎಂದು ತೀರ್ಮಾನಿಸುವ ಮೊದಲು ಎರಡೂ ಅಂಕಿಗಳನ್ನು ಒಂದೇ ಸೇರಿನಲ್ಲಿ ಅಳೆದಿದ್ದಾರೆಯೇ ನೋಡಿ.

ಒಂದು ಹಾಳೆಯಲ್ಲಿ ಪ್ರತಿ ಅಂಕಿಯ ಎದುರು ಬರೆದುಕೊಳ್ಳಿ: ಯಾವ ವರ್ಷದ ಮನೆಖರ್ಚಿನ ಸಮೀಕ್ಷೆ, ಯಾವ ಬಡತನ ರೇಖೆ, ಎಷ್ಟು ದಿನಗಳ ಖರ್ಚು ಕೇಳಿದ್ದಾರೆ, ಹಳ್ಳಿಯದೋ ನಗರದ್ದೋ ಒಟ್ಟಿನದೋ. ಒಂದು ಖಾನೆ ತುಂಬಲಾಗದಿದ್ದರೂ ಹೋಲಿಕೆ ಕೈಬಿಡಿ.

ಮೊದಲು ರೇಖೆ. 2011-12ಕ್ಕೆ, ಬಡತನ ಅಳೆಯುವ ಬಗೆಯನ್ನು ಪರಿಶೀಲಿಸಿದ ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ ಬಡತನ ರೇಖೆ ಎಂದರೆ ತಲಾ ಮಾಸಿಕ ಖರ್ಚು ಹಳ್ಳಿಯಲ್ಲಿ 816 ರೂ., ನಗರದಲ್ಲಿ 1,000 ರೂ. ಅದಕ್ಕಿಂತ ಕೆಳಗಿದ್ದವರು ಶೇ 21.9. ರಂಗರಾಜನ್ ಸಮಿತಿ 2014ರಲ್ಲಿ ರೇಖೆಯನ್ನು 972 ಮತ್ತು 1,407 ರೂ.ಗೆ ಏರಿಸಿದಾಗ, ಅದೇ 2011-12ರಲ್ಲಿ ಬಡವರು ಶೇ 29.5 ಆದರು. ಎಡವುವುದು ಇಲ್ಲೇ: 2004-05ಕ್ಕೆ ತೆಂಡೂಲ್ಕರ್‌ಗಿಂತ ಹಿಂದಿನ ರೇಖೆಯ ಶೇ 27.5 ಹಿಡಿದು ಪಕ್ಕದಲ್ಲಿ ಶೇ 29.5 ಇಟ್ಟರೆ ಬಡತನ ಏರಿದಂತೆ ಕಾಣುತ್ತದೆ. ತೆಂಡೂಲ್ಕರ್ ರೇಖೆಯನ್ನೇ ಎರಡೂ ವರ್ಷಕ್ಕೆ ಹಚ್ಚಿದರೆ ಶೇ 37.2ರಿಂದ ಶೇ 21.9ಕ್ಕೆ ಇಳಿದಿದೆ.

ರೇಖೆಗಿಂತ ಹೆಚ್ಚು ಜಗಳ ಹುಟ್ಟಿಸಿದ್ದು ನೆನಪಿನ ಅವಧಿ. ಕಳೆದ 30 ದಿನಗಳಲ್ಲಿ ತರಕಾರಿಗೆ ಎಷ್ಟು ಖರ್ಚಾಯಿತು ಎಂದರೆ ಜನ ಮರೆತು ಕಡಿಮೆ ಹೇಳುತ್ತಾರೆ. 7 ದಿನಗಳದ್ದು ಕೇಳಿದರೆ ತಿಂಗಳ ಲೆಕ್ಕ ಹೆಚ್ಚು ಬರುತ್ತದೆ, ಬಡವರ ಸಂಖ್ಯೆ ತಂತಾನೇ ಕುಗ್ಗುತ್ತದೆ. 1999-2000ರ ಸಮೀಕ್ಷೆಯಲ್ಲಿ ಎರಡೂ ಪ್ರಶ್ನೆಗಳನ್ನು ಒಂದೇ ಮನೆಯವರಿಗೆ ಅಕ್ಕಪಕ್ಕದ ಕಾಲಂನಲ್ಲಿ ಕೇಳಿದರು. ಒಂದರ ಉತ್ತರ ಇನ್ನೊಂದಕ್ಕೆ ತಾಳೆಯಾಗುವಂತೆ 30 ದಿನಗಳ ಲೆಕ್ಕವೂ ಮೇಲಕ್ಕೆ ಜಗ್ಗಿತು. 1993-94ರ ಶೇ 36 ಬಡತನ ಶೇ 26.1ಕ್ಕೆ ಇಳಿದದ್ದರಲ್ಲಿ ನಿಜವೆಷ್ಟು, ಪ್ರಶ್ನಾವಳಿಯ ಕೈವಾಡವೆಷ್ಟು ಎಂದು ಆಂಗಸ್ ಡೀಟನ್ ಮೊದಲಾದ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದಿಸಿದರು. ಆ ಶೇ 26.1 ಎಲ್ಲಿ ಕಂಡರೂ ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಈಗಿನ ಮಿಶ್ರ ವಿಧಾನದಲ್ಲಿ ಬಟ್ಟೆ, ಶಿಕ್ಷಣ, ಆಸ್ಪತ್ರೆ ವಾಸದಂಥ ಖರ್ಚಿಗೆ 365 ದಿನ, ಎಣ್ಣೆ, ಮೊಟ್ಟೆ, ಮಾಂಸ, ತರಕಾರಿ, ಹಣ್ಣಿನಂಥವಕ್ಕೆ 7 ದಿನ, ಉಳಿದದ್ದಕ್ಕೆ 30 ದಿನ. 2011-12ಕ್ಕೂ ಈ ವಿಧಾನದ ದತ್ತಾಂಶ ಇದೆ. 2022-23ರ ಜೊತೆ ಇಡುವಾಗ ಅದನ್ನೇ ಆರಿಸಿ. ಆಗಲೂ ಸಮಸ್ಯೆ ಪೂರ್ತಿ ತೀರದು: ಹಿಂದೆ ಒಂದೇ ಭೇಟಿಯಲ್ಲಿ ಮುಗಿಸುತ್ತಿದ್ದ ಪ್ರಶ್ನೆಗಳನ್ನು 2022-23ರಲ್ಲಿ ಮೂರು ಭೇಟಿಗಳಿಗೆ ಹಂಚಿದರು. ಇದರಿಂದಲೂ ಉತ್ತರ ಬದಲಾಗಬಹುದು.

ಇನ್ನು ಉಚಿತ ಪಡಿತರ. 2022-23ರಲ್ಲಿ ಹಳ್ಳಿಯ ತಲಾ ಮಾಸಿಕ ಖರ್ಚು ಉಚಿತ ವಸ್ತುಗಳ ಬೆಲೆ ಸೇರಿಸದೆ 3,773 ರೂ., ಸೇರಿಸಿದರೆ 3,860 ರೂ. ಹಿಂದಿನ ವರ್ಷಗಳೊಂದಿಗೆ ಹೋಲಿಸಲು ಮೊದಲನೆಯದನ್ನು ಬಳಸಿ. ಸರ್ಕಾರಿ ಶಾಲೆ, ಆಸ್ಪತ್ರೆಗಳ ಉಚಿತ ಸೇವೆಗೆ ಎರಡರಲ್ಲೂ ಬೆಲೆ ಕಟ್ಟಿಲ್ಲ.