ಪದ್ಮಿನಿಯ ತಲೆ ಮೇಲಿನ ಕಪ್ಪು ರೆಕ್ಸಿನ್: ಇಡೋದಾ, ತೆಗೆಯೋದಾ?

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ ಕಾರು 1983ರದ್ದು. ಅಪ್ಪ ಬುಕ್ ಮಾಡಿ, ವರ್ಷಗಟ್ಟಲೆ ಕಾದು ತಂದ ಗಾಡಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ರಾಡ್. ತಲೆ ಮೇಲೆ ಕಪ್ಪು ರೆಕ್ಸಿನ್. ಹಳೆ ಕಾರಿನ ಹುಚ್ಚಿರುವವರು ಅದಕ್ಕೆ ವಿನೈಲ್ ಟಾಪ್ ಅಂತಾರೆ. ಬಳ್ಳಾರಿಯ ಸೀಟ್ ಕವರ್ ಅಂಗಡಿಗಳಲ್ಲಿ ರೆಕ್ಸಿನ್ ಟಾಪ್ ಅಂದರೆ ಬೇಗ ತಿಳಿಯುತ್ತೆ. ಸ್ಕೂಲ್ ಬಿಟ್ಟಾಗ ರಸ್ತೆ ಬದಿ ಸಾಲಾಗಿ ನಿಂತ ಗಾಡಿಗಳಲ್ಲಿ ಆ ಕಪ್ಪು ತಲೆ ನೋಡಿಯೇ ನಾನು ಓಡುತ್ತಿದ್ದೆ.

ಹೋದ ವರ್ಷ ಯುಗಾದಿಗೆ ಮುಂಚೆ ಗಾಡಿ ತೊಳೆಯುತ್ತಿದ್ದೆ. ಹಿಂದಿನ ಗ್ಲಾಸಿನ ಮೇಲ್ಗಡೆ, ಎಡ ಮೂಲೆಯಲ್ಲಿ, ರೆಕ್ಸಿನ್ ಪೂರಿ ಹಾಗೆ ಉಬ್ಬಿತ್ತು. ಹೆಬ್ಬೆರಳಿಂದ ಮೆಲ್ಲಗೆ ಒತ್ತಿದೆ. ಒಳಗೆ ಹಪ್ಪಳ ಮುರಿದಂಥ ಸದ್ದು ಬಂತು. ಬರೀ ಗಾಳಿ ತುಂಬಿ ಉಬ್ಬಿದ್ದರೆ ಸದ್ದು ಬರಲ್ಲ. ಅದು ಪದರ ಪದರವಾಗಿ ಎದ್ದ ತುಕ್ಕು.

ಆ ವಾರ ಸಿಕ್ಕವರನ್ನೆಲ್ಲ ಕೇಳಿದೆ. ಸೀಟಿನ ಅಂಗಡಿಯವರು ಹೊಸ ರೆಕ್ಸಿನ್ ಹಾಕಿ ಒಂದೇ ದಿನದಲ್ಲಿ ಕೊಡ್ತೀವಿ ಅಂದರು. ಒಬ್ಬ ಗೆಳೆಯ ಕಿತ್ತು ಬಿಸಾಕಿ ಬಣ್ಣ ಹೊಡೆಸು ಅಂದ. ಇನ್ನೊಬ್ಬ ಒರಿಜಿನಲ್ ಮುಟ್ಟಬಾರದು ಅಂದ. ಯಾರೂ ಅದರ ಕೆಳಗಿನ ತಗಡನ್ನು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಒರಿಜಿನಲ್ ಅನ್ನೋ ಮಾತನ್ನು ಮೊದಲು ಮುಗಿಸಿಬಿಡ್ತೀನಿ. ಗಟ್ಟಿ ಚಾವಣಿಯ ಕಾರು ಬಟ್ಟೆ ಮುಚ್ಚಿಗೆಯ ಕಾರಿನ ಹಾಗೆ ಕಾಣಲಿ ಅಂತ ಶುರುವಾದದ್ದು ಈ ವಿನೈಲ್ ಟಾಪ್. ಅಮೆರಿಕದಲ್ಲಿ 1956ರ ಕ್ಯಾಡಿಲಾಕ್ ಎಲ್ಡೊರಾಡೊ ಸೆವಿಲ್ ಕಾರಿಗೆ ಕಂಪನಿಯಿಂದಲೇ ಹಾಕಿ ಕೊಟ್ಟಿದ್ದರು. ಅರವತ್ತು, ಎಪ್ಪತ್ತರ ದಶಕದಲ್ಲಿ ಅಲ್ಲಿ ಅದೇ ದೊಡ್ಡ ಫ್ಯಾಷನ್. ನಮ್ಮ ಕಡೆ ಅಂಬಾಸಿಡರ್, ಪದ್ಮಿನಿ, ಆಮೇಲೆ ಕಾಂಟೆಸಾ ತಲೆ ಮೇಲೂ ಬಂತು. ನಮ್ಮ ಗಾಡಿಗೆ ಅದನ್ನು ಹಾಕಿಸಿದ್ದು ಕೊಂಡ ಮೇಲೆ, ಇಲ್ಲೇ ಬಳ್ಳಾರಿಯಲ್ಲಿ. ಮುಂಬೈನ ಕುರ್ಲಾ ಫ್ಯಾಕ್ಟರಿಯಿಂದ ಬಂದಾಗ ನಮ್ಮ ಪದ್ಮಿನಿಗೆ ಬರೀ ಬಣ್ಣದ ತಲೆ ಇತ್ತು. ಹಾಗಾದರೆ ಒರಿಜಿನಲ್ ಯಾವುದು? ಫ್ಯಾಕ್ಟರಿಯ ಬಣ್ಣವಾ, ಅಪ್ಪ ಹಾಕಿಸಿದ ರೆಕ್ಸಿನ್ನಾ? ಇದು ನನ್ನನ್ನು ಸುಮಾರು ದಿನ ಕಾಡಿತು.

ಟಿಂಕರಿಂಗ್ ಶೆಡ್ಡಿನ ಹಿರಿಯರನ್ನು ಎಲ್ಲರೂ ಚಾಚಾ ಅಂತಲೇ ಕರೀತಾರೆ. ನಾನೂ ಹಾಗೇ. ಅವರು ಗಾಡಿ ಸುತ್ತ ಎರಡು ಸುತ್ತು ಹಾಕಿದರು. ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದರು. ಆಮೇಲೆ ಹೇಳಿದ್ದು ಇಷ್ಟೇ: "ಮ್ಯಾಲಿಂದ ಮುಟ್ಟಬ್ಯಾಡ್ರಿ ಸಾರ್. ಮೊದ್ಲು ಕೆಳಗಿಂದ ನೋಡೋಣ್ರಿ."

ಇಡೀ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಬುದ್ಧಿಮಾತು ಇದೇ. ಹಳೆ ರೆಕ್ಸಿನ್ನನ್ನು ಒಂದು ಸಲ ಎಬ್ಬಿಸಿದರೆ ಮತ್ತೆ ಮೊದಲಿನ ಹಾಗೆ ಕೂರಲ್ಲ. ಎಳೆದ ಕಡೆ ಹಿಗ್ಗಿರುತ್ತೆ, ಮಡಚಿದ ಕಡೆ ಬಿರಿದಿರುತ್ತೆ. "ಸ್ವಲ್ಪ ಎಬ್ಬಿಸಿ ನೋಡೋಣ" ಅಂದ ಕೂಡಲೇ ತೆಗೆಯೋದೇ ಗತಿ. ಅದೇ ಹುಡ್ ಲೈನಿಂಗ್, ಅಂದರೆ ಚಾವಣಿಯ ಒಳಬದಿಯ ಹೊದಿಕೆ, ಇಳಿಸಿದರೆ ಯಾವ ನಷ್ಟವೂ ಇಲ್ಲ. ಪದ್ಮಿನಿಯಲ್ಲಿ ಅದು ಅಡ್ಡ ಕಂಬಿಗಳ ಮೇಲೆ ಬಿಗಿದಿರುತ್ತೆ. ಯಾವ ಕಂಬಿ ಎಲ್ಲಿಯದು ಅಂತ ಚೀಟಿ ಅಂಟಿಸಿ ತೆಗೆದಿಟ್ಟೆವು. ಒಂದರ ಬಾಗು ಇನ್ನೊಂದಕ್ಕೆ ಇರಲ್ಲ, ಅದಲುಬದಲಾದರೆ ಲೈನಿಂಗ್ ಜೋತು ಬೀಳುತ್ತೆ.

ಹಿಂದಿನ ಸೀಟಿನ ಮೇಲೆ ಅಂಗಾತ ಮಲಗಿ ಟಾರ್ಚ್ ಬಿಟ್ಟೆ. ಚಾವಣಿಯ ನಡುಭಾಗ ಒಣಗಿ ಶುದ್ಧವಾಗಿತ್ತು. ಅಂಚಿನ ಸುತ್ತ ಮಾತ್ರ ಬೇರೆ ಕಥೆ. ರೆಕ್ಸಿನ್ ಮುಗಿಯುವ ಕಡೆ ಸ್ಟೀಲ್ ಬೀಡಿಂಗ್ ಕೂರಿಸೋಕೆ ಆಗ ತಗಡಿಗೆ ತೂತು ಹೊಡೆದಿದ್ದರು. ಎಣಿಸಿದೆ, 22 ತೂತು. ಒಂದೊಂದರ ಸುತ್ತಲೂ ಕೆಂಪು ಉಂಗುರ. ಎಡ ಮೂಲೆಯಲ್ಲಿ ಟಾರ್ಚ್ ಆರಿಸಿದಾಗ ಸೂಜಿ ಮೊನೆಯಷ್ಟು ಬೆಳಕು ಮೂರು ಕಡೆ ಕಂಡಿತು. ಮೇಲೆ ರೆಕ್ಸಿನ್ ಹರಿದಿತ್ತು, ಕೆಳಗೆ ತಗಡು ತೂತಾಗಿತ್ತು.

ಬಳ್ಳಾರಿಯಲ್ಲಿ ಮಳೆಯೇ ಕಮ್ಮಿ, ತುಕ್ಕು ಎಲ್ಲಿಂದ ಬಂತು ಅಂತ ಕೇಳಬಹುದು. ಇಲ್ಲಿ ಮೊದಲ ಕೆಲಸ ಮಾಡೋದು ಬಿಸಿಲು. ವಿನೈಲ್ ಅಂದರೆ ಬಟ್ಟೆ ಮೇಲೆ ಪಿವಿಸಿ ಲೇಪ. ಪಿವಿಸಿ ತಾನಾಗಿ ಬಿರುಸು. ಅದು ಮೆತ್ತಗಿರಲಿ ಅಂತ ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಿರ್ತಾರೆ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತೆ. ಬಿಸಿಲಲ್ಲಿ ನಿಂತ ಕಪ್ಪು ತಲೆ ಮೇಲೆ ಅಂಗೈ ಇಡೋಕಾಗಲ್ಲ. ವರ್ಷ ವರ್ಷ ಆ ಎಣ್ಣೆಯಂಶ ಸ್ವಲ್ಪ ಸ್ವಲ್ಪವೇ ಹೊರಟುಹೋಗುತ್ತೆ. ರೆಕ್ಸಿನ್ ಕುಗ್ಗುತ್ತೆ, ಬಿರಿಯುತ್ತೆ, ಬೀಡಿಂಗ್ ಅಡಿಯಿಂದ ಕೂದಲೆಳೆಯಷ್ಟು ಹೊರಗೆ ಜಾರುತ್ತೆ. ಆ ಸಂದಿ ಸಾಕು. ಗಾಡಿ ತೊಳೆದ ನೀರು, ಸೆಪ್ಟೆಂಬರ್, ಅಕ್ಟೋಬರಿನ ಮಳೆ, ಎಲ್ಲ ಅದರೊಳಗೆ ಇಳಿಯುತ್ತೆ. ಕೆಳಗಿನ ಬಟ್ಟೆ ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ನೀರನ್ನು ಒಳಗೆಳೆದು ಇಟ್ಟುಕೊಳ್ಳುತ್ತೆ. ಮೇಲೆ ಎಷ್ಟೇ ಬಿಸಿಲಿದ್ದರೂ ಒಳಗಿನ ತೇವ ಬೇಗ ಆರಲ್ಲ.

ನಾವು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಆಯುಧ ಪೂಜೆಗೆ ಗಾಡಿ ಮಿಂಚಲಿ ಅಂತ ಸೀಮೆಎಣ್ಣೆ ಬಟ್ಟೆಯಲ್ಲಿ ರೆಕ್ಸಿನ್ ಒರೆಸುತ್ತಿದ್ದೆವು. ಆ ದಿನ ಕರ್ರಗೆ ಹೊಳೆಯುತ್ತಿತ್ತು. ಆದರೆ ಸೀಮೆಎಣ್ಣೆ, ಪೆಟ್ರೋಲ್ ಎರಡೂ ಆ ಮೆತ್ತನೆಯ ಅಂಶವನ್ನೇ ಕರಗಿಸಿ ತೆಗೆಯುತ್ತವೆ. ನಿಮ್ಮ ಗಾಡಿಗೆ ಇನ್ನೂ ಒಳ್ಳೆಯ ವಿನೈಲ್ ಇದ್ದರೆ ತಿಳಿ ಸೋಪಿನ ನೀರು, ಮೆತ್ತನೆ ಬ್ರಷ್, ಒಣ ಬಟ್ಟೆ. ಬೇರೇನೂ ಬೇಡ.

ಆಮೇಲೆ ಒಂದು ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಒಳಗಿಂದಲೂ ಹೊರಗಿಂದಲೂ ಆಡಿಸಿದೆ. ಹೊರಗಿನಿಂದ ಬಲಗಡೆ ಹಿಂಭಾಗದಲ್ಲಿ ಒಂದು ಗೇಣಗಲ ಅದು ಹಿಡಿಯಲೇ ಇಲ್ಲ. ಅಲ್ಲಿ ತಗ್ಗು ತುಂಬಿ ಸಮ ಮಾಡುವ ಪುಟ್ಟಿ ದಪ್ಪಗಿದೆ ಅಂತ ಅರ್ಥ. ಒಳಗಿಂದ ನೋಡಿದರೆ ಅದೇ ಜಾಗದಲ್ಲಿ ಸುತ್ತಿಗೆ ಏಟಿನ ಗುರುತುಗಳು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ ಹೇಳಿದರು: "ನಿಮ್ಮಪ್ಪ ಶೋಕಿಗೆ ಹಾಕ್ಸಿದ್ದಲ್ಲಪ್ಪ ಅದನ್ನ. ಸಿರುಗುಪ್ಪಕ್ಕ ಮದುವಿಗೆ ಹೋದಾಗ ಹುಣಸಿಮರದ ಕೊಂಬಿ ಬಿದ್ದು ತಲಿ ಜಜ್ಜಿತ್ತು. ಎತ್ತಿಸಿ ಬಣ್ಣ ಹೊಡ್ಸಿದ್ರು. ಎಷ್ಟು ಸಲ ಹೊಡ್ಸಿದ್ರೂ ಬಣ್ಣ ಹೊಂದ್ಲಿಲ್ಲ. ಅದಕ್ಕ ಮುಚ್ಚಿಸಿದ್ರು."

ನಲವತ್ತು ವರ್ಷ ಅಪ್ಪನ ಇಷ್ಟ ಅಂತ ನಾನು ಅಂದುಕೊಂಡದ್ದು ಅಪ್ಪನ ಬೇಸರವಾಗಿತ್ತು. ಆ ರಾತ್ರಿ ತುಂಬ ಹೊತ್ತು ನಿದ್ದೆ ಬರಲಿಲ್ಲ.

ಮರುದಿನ ತೆಗೆದೆವು. ಹಿಂದಿನ ಗ್ಲಾಸ್ ಮೊದಲು ಹೊರಗೆ, ಆಮೇಲೆ ಬೀಡಿಂಗ್. ರೆಕ್ಸಿನ್ ನಡುವಿನಲ್ಲಿ ಇನ್ನೂ ಗಟ್ಟಿಯಾಗಿ ಅಂಟಿತ್ತು. ಬಿಸಿಗಾಳಿ ಗನ್ ಹಿಡಿದು, ಪ್ಲಾಸ್ಟಿಕ್ ಪಟ್ಟಿಯಿಂದ ಒಂದೊಂದೇ ಅಂಗುಲ ಎಬ್ಬಿಸಿದೆವು. ಕಬ್ಬಿಣದ ಪಟ್ಟಿ ಬಳಸಿದರೆ ಬೇಗ ಆಗುತ್ತೆ, ಆದರೆ ತಗಡಿಗೆ ಗೀರು ಬೀಳುತ್ತೆ.

ಅಂಚುಗಳಲ್ಲಿ ಎಲ್ಲ ಕಡೆ ಕೆಂಪು. ನೋಡಿ ಎದೆ ಧಸಕ್ಕೆಂದಿತು. ಚಾಚಾ ಒದ್ದೆ ಬಟ್ಟೆ ತಗೊಂಡು ಒರೆಸಿದರು. ಅರ್ಧಕ್ಕರ್ಧ ಕೆಂಪು ಬಟ್ಟೆಗೆ ಬಂತು, ಕೆಳಗೆ ಒಳ್ಳೆಯ ಬಣ್ಣ ಕಾಣಿಸಿತು. ಅದು ಅದಿರಿನ ಧೂಳು. ಸಂಡೂರು, ಹೊಸಪೇಟೆ ಕಡೆಯಿಂದ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ ನಮಗೆಲ್ಲ ನೆನಪಿದೆ ಅಲ್ವಾ? 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ತನಕ ಒಗೆದು ಹಾಕಿದ ಬಿಳಿ ಅಂಗಿಯೂ ಕೆಂಪಾಗುತ್ತಿತ್ತು. ಆ ಧೂಳು ಬೀಡಿಂಗ್ ಅಡಿಯಲ್ಲಿ ಇಷ್ಟು ವರ್ಷ ಗಟ್ಟಿಯಾಗಿ ಕೂತಿತ್ತು. ಅದು ತಾನಾಗಿ ತಗಡನ್ನು ತಿನ್ನಲ್ಲ. ಆದರೆ ಒದ್ದೆ ಜೇಡಿಮಣ್ಣಿನ ಹಾಗೆ ನೀರು ಹಿಡಿದಿಡುತ್ತೆ. ನಮ್ಮ ಭಾಗದಲ್ಲಿ ಹಳೆ ಗಾಡಿ ನೋಡುವವರು ಮೊದಲು ಒರೆಸಿ ನೋಡಿ. ಧೂಳು ಬಟ್ಟೆಗೆ ಬಂದುಬಿಡುತ್ತೆ. ತುಕ್ಕು ತಗಡು ಬಿಡಲ್ಲ, ಉಗುರಿಗೆ ಒರಟಾಗಿ ಸಿಗುತ್ತೆ. ಕೆಂಪು ಕಂಡಿದ್ದನ್ನೆಲ್ಲ ತುಕ್ಕು ಅಂದುಕೊಂಡು ಒಳ್ಳೆಯ ತಗಡನ್ನು ಕತ್ತರಿಸಬೇಡಿ.

ನಡುವಿನಲ್ಲಿ ಅಂಟು ಕರಗಿಸಿ ಒರೆಸಿದಾಗ ಒಂದು ನೀಲಿ ಹೊರಗೆ ಬಂತು. ಈಗಿನ ಬಾಡಿಯ ನೀಲಿಯಲ್ಲ. ಗಾಡಿಗೆ ನಡುವೆ ಎರಡು ಸಲ ಬಣ್ಣ ಹೊಡೆಸಿದ್ದೆವು, ಎರಡು ಸಲವೂ ಕಣ್ಣಳತೆಯಲ್ಲಿ ಕಲಸಿದ ನೀಲಿ. ಇದು ತಿಳಿಯಾಗಿತ್ತು, ಸ್ವಲ್ಪ ಬೂದಿ ಬೆರೆತ ಹಾಗೆ, ಮಳೆ ಬರುವ ಮುಂಚಿನ ಆಕಾಶದ ಹಾಗೆ. ಬಿಸಿಲೇ ಕಾಣದೆ ಮುಚ್ಚಿಟ್ಟಿದ್ದ 1983ರ ಬಣ್ಣ. ಮನೆಯ ಬಾಗಿಲಲ್ಲಿ ಗಾಡಿಗೆ ಕುಂಕುಮ ಹಚ್ಚಿ, ಟೈರಿಗೆ ನಿಂಬೆಹಣ್ಣು ಇಟ್ಟ ದಿನ ಅಪ್ಪ ನೋಡಿದ ಬಣ್ಣ.

ನಾನು ತೀರ್ಮಾನ ಮಾಡಿದ್ದು ಅಲ್ಲೇ ನಿಂತು. ರೆಕ್ಸಿನ್ ಬೇಡ.

ಬರೀ ಮನಸ್ಸಿನ ಮಾತಲ್ಲ ಇದು. ನಮ್ಮ ಗಾಡಿ ನಿಲ್ಲೋದು ತಗಡಿನ ಶೆಡ್ಡಿನಲ್ಲಿ, ಅರ್ಧ ದಿನ ಬಿಸಿಲು ಬೀಳುತ್ತೆ. ಇಲ್ಲಿ ಸುಲಭವಾಗಿ ಸಿಗೋದು ಸೀಟಿನ ರೆಕ್ಸಿನ್. ಅದು ಒಳಗಿನ ಬಳಕೆಗೆ ಮಾಡಿದ್ದು, ನೇರ ಬಿಸಿಲಲ್ಲಿ ಬೇಗ ಬಿರಿಯುತ್ತೆ. ಬೀಡಿಂಗಿಗೆ ಮತ್ತೆ ತೂತು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚಿದ ತಗಡಿನಲ್ಲಿ ಏನಾಗ್ತಿದೆ ಅಂತ ಮತ್ತೆ ಹಪ್ಪಳದ ಸದ್ದು ಬರೋ ತನಕ ತಿಳಿಯಲ್ಲ.

ಕೆಲಸದ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಎಡ ಮೂಲೆಯ ಕೊಳೆತ ಭಾಗವನ್ನು ಒಳ್ಳೆಯ ತಗಡು ಸಿಗುವ ತನಕ ಕತ್ತರಿಸಿ, ಅದೇ ದಪ್ಪದ ತುಂಡು ಕೂರಿಸಿದರು. ಚಾವಣಿಗೆ ಒಂದೇ ಗೆರೆಯಲ್ಲಿ ವೆಲ್ಡಿಂಗ್ ಎಳೆಯಬಾರದು. ಕಾವಿಗೆ ತಗಡು ಅಲೆ ಅಲೆ ಆಗುತ್ತೆ. ಚುಕ್ಕಿ ಚುಕ್ಕಿಯಾಗಿ, ಇಲ್ಲೊಂದು ಅಲ್ಲೊಂದು ಇಟ್ಟು, ನಡುನಡುವೆ ಒದ್ದೆ ಬಟ್ಟೆ ಒತ್ತಬೇಕು. 22 ತೂತುಗಳನ್ನೂ ಬೆಸುಗೆಯಿಂದಲೇ ಮುಚ್ಚಿಸಿದೆ. ಪುಟ್ಟಿ ತುಂಬಿದರೆ ಒಂದೆರಡು ಬೇಸಿಗೆಯಲ್ಲಿ ಉಂಗುರ ಮೇಲೆ ಕಾಣುತ್ತೆ. ಹುಣಸೆ ಕೊಂಬೆಯ ಜಾಗದ ಹಳೆ ಪುಟ್ಟಿ ಕೆರೆದು, ಒಳಗಿಂದ ತಟ್ಟಿ ತಟ್ಟಿ ಎತ್ತಿದರು. ಅದಕ್ಕೇ ಚಾಚಾಗೆ ಒಂದೂವರೆ ದಿನ ಹಿಡಿಯಿತು. ತಂತಿ ಬ್ರಷ್ ಹೋಗದ ಸಂದಿಗಳಿಗೆ ತುಕ್ಕನ್ನು ಕಪ್ಪಾಗಿಸಿ ಹಿಡಿದಿಡುವ ಕನ್ವರ್ಟರ್, ಅದರ ಮೇಲೆ ಎಪಾಕ್ಸಿ ಪ್ರೈಮರ್. ನೀರು ಹರಿಯುವ ಅಂಚಿನ ಕಾಲುವೆಗೆ ಸೀಲರ್ ಎಳೆದು, ಆಮೇಲೆ ಬಣ್ಣ.

ಬಣ್ಣದ ಮಾದರಿಗೆ ಕತ್ತರಿಸಿ ತೆಗೆದ ಆ ಮೂಲೆಯ ತುಂಡನ್ನೇ ಒಯ್ದೆ. ಅದರ ಒಂದು ತುದಿಯಲ್ಲಿ ಎರಡು ಬೆರಳಗಲ ಹಳೆ ನೀಲಿ ಚೆನ್ನಾಗಿ ಉಳಿದಿತ್ತು. ಬಣ್ಣದಂಗಡಿಯಲ್ಲಿ ಮಿಷನ್ನಿನಲ್ಲಿ ಕಲಸಿದ ಮೂರನೇ ಸಲಕ್ಕೆ ಹೊಂದಿತು. ಅಂಗಡಿಯ ದೀಪದಲ್ಲಿ ನೋಡಿ ಒಪ್ಪಬೇಡಿ. ತಗಡಿಗೆ ಹೊಡೆಸಿ, ಒಣಗಿದ ಮೇಲೆ ಬಿಸಿಲಲ್ಲಿ ಒಂದು ಸಲ, ಸಂಜೆ ಒಂದು ಸಲ ಪಕ್ಕದಲ್ಲಿಟ್ಟು ನೋಡಿ. ಬಾಡಿಗೂ ಬಣ್ಣದ ಕಾಲ ಬಂದಿತ್ತು, ಇಡೀ ಗಾಡಿಗೆ ಅದೇ ಹೊಡೆಸಿದೆ. ಆರ್.ಸಿ.ಯಲ್ಲಿ ಮೊದಲಿಂದಲೂ ನೀಲಿ ಅಂತಲೇ ಇದೆ.

ಎಲ್ಲರೂ ತೆಗೆಸಲೇಬೇಕು ಅಂತ ನಾನು ಹೇಳಲ್ಲ. ಹೊಸಪೇಟೆಯ ಗೆಳೆಯರೊಬ್ಬರ ಕಾಂಟೆಸಾ ಗಟ್ಟಿ ಗ್ಯಾರೇಜಿನ ನೆರಳಲ್ಲೇ ಇರುತ್ತೆ. ಅದಕ್ಕೆ ವಿನೈಲ್ ಇಲ್ಲದಿದ್ದರೆ ಏನೋ ಕಳೆದುಕೊಂಡ ಹಾಗೆ ಕಾಣುತ್ತೆ. ಅವರಿಗೆ ಹಾಕಿಸಿ ಅಂತಲೇ ಹೇಳಿದೆ. ಆದರೆ ತಗಡಿಗೆ ಪ್ರೈಮರ್, ಬಣ್ಣ ಪೂರ್ತಿ ಆದ ಮೇಲೆ. ಬಿಸಿಲು ತಾಳುವ, ಹೊರಗಿನ ಬಳಕೆಗೆ ಮಾಡಿದ ವಿನೈಲನ್ನು ಕೇಳಿ ತರಿಸಿ. ಅಡಿಯಲ್ಲಿ ಫೋಮ್ ಬೇಡ, ಅದು ನೀರಿನ ಸ್ಪಂಜು. ಅಂಟನ್ನು ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ, ನಡುಗೆರೆಯಿಂದ ಶುರು ಮಾಡಿ ಅಂಚಿನ ಕಡೆಗೆ ಒತ್ತಿಕೊಂಡು ಹೋಗಬೇಕು. ನಮ್ಮ ಊರಲ್ಲಿ ಬೇಸಿಗೆಯಾದರೆ ಬೆಳಿಗ್ಗೆ ಎಂಟರೊಳಗೆ ಮುಗಿಸಬೇಕು. ಬಿಸಿಲೇರಿದರೆ ಒಂದು ಕಡೆ ಹಚ್ಚಿ ಇನ್ನೊಂದು ಕಡೆ ಬರುವಷ್ಟರಲ್ಲಿ ಅಂಟು ಒಣಗಿಹೋಗಿರುತ್ತೆ.

ಗಾಡಿ ಮನೆಗೆ ಬಂದ ದಿನ ಅಮ್ಮ ಹೊರಗೆ ಬಂದು ನಿಂತರು. ಬಾನೆಟ್ ನೋಡಲಿಲ್ಲ, ಬಾಗಿಲು ನೋಡಲಿಲ್ಲ. ಬಲಗಡೆ ಹಿಂದೆ, ಚಾವಣಿಯ ಆ ಮೂಲೆ ಮೇಲೆ ಕೈಯಾಡಿಸಿದರು. "ಹೊಂದೇತಿ" ಅಂದರು.

ಒಳಗಿನ ಹುಡ್ ಲೈನಿಂಗ್ ಬೇಕಂತಲೇ ಇನ್ನೂ ಹಾಕಿಸಿಲ್ಲ. ಒಂದು ಮಳೆಗಾಲ ಕಳೆಯಲಿ. ಅಕ್ಟೋಬರಿನಲ್ಲಿ ಎರಡು ರಾತ್ರಿ ಚೆನ್ನಾಗಿ ಹೊಯ್ದಿತು. ಬೆಳಿಗ್ಗೆ ಹಿಂದಿನ ಸೀಟಿನ ಮೇಲೆ ಅಂಗಾತ ಮಲಗಿ, ಮುಚ್ಚಿಸಿದ 22 ತೂತುಗಳ ಮೇಲೂ ಒಂದೊಂದಾಗಿ ಟಾರ್ಚ್ ಬಿಟ್ಟೆ. ಎಲ್ಲ ಒಣಗಿದ್ದವು. ಕಂಬಿಗಳು ಚೀಟಿ ಸಮೇತ ಅಟ್ಟದ ಮೇಲಿವೆ. ಇನ್ನೊಂದು ಮಳೆ ನೋಡಿ ಇಳಿಸ್ತೀನಿ.